ಹೊಲದಲ್ಲಿ ದೋಣಿ ಕಟ್ಟಿದ ನಿಂಗಣ್ಣ

ನಿಂಗಣ್ಣನ ಬಲಗಿವಿಯ ಮೇಲೆ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಬೇರೆಯವರು ಅಲ್ಲಿ ಬೀಡಿ ಸಿಕ್ಕಿಸಿಕೊಳ್ಳುತ್ತಾರೆ. ಅವನು ಗೀಟು ಎಳೆಯದೆ ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ. ಕಬ್ಬಿಣದ ತಗಡಿಗೆ ಗೀಟು, ಡೀಸೆಲ್ ಡಬ್ಬಕ್ಕೆ ಗೀಟು, ಮಳೆಗಾಲದಲ್ಲಿ ಶೆಡ್ಡಿನ ಹಿಂದಿನ ಗುಂಡಿಯ ಗೋಡೆಗೆ ದಿನಕ್ಕೊಂದು ಗೀಟು. ಕೊನೆಗೆ ಮನೆಯ ಮಜ್ಜಿಗೆ ಗಡಿಗೆಗೂ ಎಳೆದುಬಿಟ್ಟು ಹೆಂಡತಿ ಪುಟ್ಟಮ್ಮನ ಕೈಲಿ ಬೈಸಿಕೊಂಡಿದ್ದ. ‘ನಾನೇನು ಕದ್ದು ಕುಡೀತೀನಾ? ಕೇಳಿ ಸರ್ವೆಯರೇ, ನೀವೇ ನ್ಯಾಯ ಏಳಿ,’ ಎಂದು ಆಕೆ ಗಡಿಗೆ ಹಿಡಿದುಕೊಂಡೇ ನಮ್ಮ ಮನೆಯ ಬಾಗಿಲಿಗೆ ಬಂದಿದ್ದರು. ನಿಂಗಣ್ಣ ಹಿಂದೆ ನಿಂತುಕೊಂಡು ಒಂದೇ ಮಾತು ಹೇಳಿದ: ‘ಕಣ್ಣು ಸುಳ್ಳೇಳ್ತದೆ ಕಣಮ್ಮಿ. ಗೀಟು ಏಳಕಿಲ್ಲ.’

ಪಾಂಡವಪುರದಲ್ಲಿ ಅವನದು ಟ್ರಾಕ್ಟರಿನ ಟ್ರೈಲರು ಕಟ್ಟುವ ಶೆಡ್ಡು. ಅವನ ಟ್ರೈಲರಿಗೆ ಎಷ್ಟು ಕಬ್ಬು ಹೇರಿದರೂ ಸೊಂಟ ಬಗ್ಗುವುದಿಲ್ಲ ಎಂದು ಸುತ್ತಿನ ರೈತರೆಲ್ಲ ಹೇಳುತ್ತಿದ್ದರು. ನಾನು ಆಗ ತಾಲ್ಲೂಕು ಕಚೇರಿಯಲ್ಲಿ ಭೂಮಾಪಕ. ಅವನ ಶೆಡ್ಡಿನ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದೆ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ನನ್ನ ಭುಜದ ಮಟ್ಟಕ್ಕೆ ಬರುವಷ್ಟು ಕುಳ್ಳ. ಸ್ವಂತ ಊರು ಅಕ್ಕಿಹೆಬ್ಬಾಳಿನಿಂದ ಕೆಳಗೆ, ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿತ್ತು. ಅವರ ಕಡೆಯ ಬೇಸಾಯವೇ ಒಂದು ತಮಾಷೆ. ಕಟ್ಟೆ ತುಂಬಿದಾಗ ಹೊಲಗಳು ನೀರಿನ ಅಡಿಗೆ ಹೋಗುತ್ತವೆ. ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟು ಕಟ್ಟೆ ಇಳಿಯತೊಡಗಿದರೆ ಹೊಲಗಳು ಒಂದೊಂದಾಗಿ ಹೊರಬರುತ್ತವೆ. ನೀರು ಹಿಂದೆ ಸರಿದ ಹಾಗೆ ಜನ ಅದರ ಬೆನ್ನು ಹತ್ತಿ ಉಳುತ್ತಾರೆ, ಬಿತ್ತುತ್ತಾರೆ. ಯಾವ ಬದು ಎಲ್ಲಿದೆ, ಯಾವ ಕಲ್ಲು ಯಾರ ಎಲ್ಲೆಯದು ಎನ್ನುವುದು ಆ ಊರಿನವರಿಗೆ ನೀರು ತುಂಬಿದ್ದಾಗಲೂ ಗೊತ್ತು. ನಿಂಗಣ್ಣನಿಗೆ ಅದೊಂದು ಜಂಬವೇ ಆಗಿತ್ತು. ‘ನಿನ್ ನಕ್ಸೆ ಸುಟ್ಟಾಕ್ಲಾ, ನಾನೇಳ್ತೀನಿ,’ ಎಂದು ನನ್ನನ್ನು ಆಗಾಗ ಕೆಣಕುತ್ತಿದ್ದ.

ಅಲ್ಲಿದ್ದಾಗಲೇ ಒಂದು ವರ್ಷ ನನ್ನ ಹೆಂಡತಿ ಜಯ ತೀರಿಹೋದಳು. ಮೂರು ದಿನದ ಜ್ವರ. ಮೈಸೂರಿಗೆ ಕರೆದುಕೊಂಡು ಹೋದೆ, ವಾಪಸು ತಂದೆ. ಎಲ್ಲ ಕಾರ್ಯಗಳನ್ನೂ ಸರಿಯಾಗಿ ಮಾಡಿದೆ. ಹದಿನೈದನೆಯ ದಿನ ಕಚೇರಿಗೆ ಹೋಗಿ ಒಂದು ಗಡಿ ತಕರಾರು ಅಳತೆ ಮಾಡಿ ಬಂದೆ. ಜನ ‘ಗಟ್ಟಿಗ’ ಎಂದರು. ಗಟ್ಟಿತನವಲ್ಲ ಅದು. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ದವಡೆ ಆಗುತ್ತದಲ್ಲ, ಹಾಗೆ ಆಗಿದ್ದೆ. ಅಳು ಬರಲಿಲ್ಲ. ಊಟಕ್ಕೆ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಿದ್ದೆ ಒಂದು ಮಾತ್ರ ಪೂರ್ತಿ ಹೋಯಿತು. ಆ ಮನೆಯಲ್ಲಿ ಮಲಗಿದರೆ ಸೂರಿನ ಹೆಂಚು ಎಣಿಸುವುದೇ ಕೆಲಸ. ನಾನೂರ ಹನ್ನೆರಡು ಹೆಂಚು. ಬೆಳಕು ಹರಿಯುವ ಹೊತ್ತಿಗೆ ಎದ್ದು ಹೋಗಿ ನಿಂಗಣ್ಣನ ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದೆ. ಅವನು ಬಂದು ಬೀಗ ತೆಗೆಯುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಹೀಗೇ ತಿಂಗಳುಗಳು ಕಳೆದವು. ಕಚೇರಿಯಲ್ಲಿ ಅಳತೆಗಳು ತಪ್ಪತೊಡಗಿದವು, ಒಮ್ಮೆ ಸೈಕಲ್ಲಿನ ಮೇಲೆಯೇ ತೂಕಡಿಸಿ ನಾಲೆಯ ಏರಿಯಿಂದ ಉರುಳಿದೆ. ಹೀಗೇ ಆದರೆ ಇವನು ಹೆಚ್ಚು ದಿನ ಬಾಳುವುದಿಲ್ಲ ಎಂದು ನನ್ನ ಎದುರಿಗೇ ಜನ ಆಡಿಕೊಂಡರು. ನನಗೆ ಅದರಿಂದಲೂ ಏನೂ ಅನ್ನಿಸಲಿಲ್ಲ.

ಅದಾದ ವಾರಕ್ಕೆ ನಿಂಗಣ್ಣ ಮೈಸೂರಿನ ಗುಜರಿಯಿಂದ ಒಂದಿಷ್ಟು ಬೇರಿಂಗು ತಂದ. ಅವುಗಳ ಕೆಳಗೆ ಗ್ರೀಸು ಮೆತ್ತಿದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಇತ್ತು. ಪುಟ ಪುಟಕ್ಕೂ ಹಾಯಿ ಕಟ್ಟಿದ ದೋಣಿಗಳ ಚಿತ್ರ. ಅದನ್ನು ನನ್ನ ಮುಂದೆ ಇಟ್ಟು, ‘ಸರ್ವೆಯರಪ್ಪ, ಒಂದ್ ದೋಣಿ ತಗಳಾನ,’ ಎಂದ.

‘ದೋಣಿ ಯಾಕೆ?’

‘ನಮ್ಮೂರ್ ನೀರಿನ್ ಮ್ಯಾಲೆ ಒಂದ್ ರಾತ್ರಿ ಮಲಗ್ಬೇಕು. ಸಣ್ಣೋನಾಗಿದ್ದಾಗ್ನಿಂದ ಆಸೆ. ಮೀನು ಇಡಿಯೋ ತೆಪ್ಪ ಅಲ್ಲ ಕಣ್ಲಾ. ಮಲಿಕ್ಕಳಾಕೆ ಜಾಗ ಇರ್ಬೇಕು, ಟ್ರೈಲರ್ ಮ್ಯಾಲೆ ಆಕ್ಕಂಡು ಜೀಪ್ನಾಗೆ ಎಳ್ಕಂಡ್ ಓಗಂಗಿರ್ಬೇಕು. ಓದು, ಅದ್ರಾಗೆ ಏನ್ ಬರ್ದವ್ರೆ.’

ಪುಟ್ಟಮ್ಮ ಕಾಫಿ ತಂದವರು ಇದನ್ನು ಕೇಳಿ ನಿಂತರು. ‘ಈ ಮನ್ಸಂಗೆ ದೋಣಿ! ಈಜು ಬರಕಿಲ್ಲ. ಬಾವಿಗೆ ಬಗ್ಗಿ ನೋಡ್ದೋನಲ್ಲ. ಯಾವ್ ಗ್ರಾಚಾರ ಬಂತಪ್ಪ,’ ಎಂದರು. ನಿಂಗಣ್ಣ ಕಿವಿಯ ಸೀಮೆಸುಣ್ಣ ಮುಟ್ಟಿಕೊಂಡು ಬೇರೆ ಕಡೆ ನೋಡಿದ. ಮಾತಿಗೆ ಉತ್ತರ ಕೊಡಲು ಇಷ್ಟವಿಲ್ಲದಾಗ ಅವನು ಹಾಗೇ ಮಾಡುತ್ತಿದ್ದ.

ನಾನು ಓದಿ ಹೇಳತೊಡಗಿದೆ. ಬೇರೆ ಕೆಲಸವಾದರೂ ಏನಿತ್ತು? ಗಾಳಿಗೆ ಪಕ್ಕಕ್ಕೆ ಜಾರದ ಹಾಗೆ ಹಾಯಿದೋಣಿಯ ಹೊಟ್ಟೆಯ ಅಡಿಯಲ್ಲಿ ಒಂದು ಅಲಗು ಬೇಕು. ಕೆಲವು ದೋಣಿಗಳಲ್ಲಿ ಅದು ಭದ್ರವಾಗಿ ಬೆಸೆದಿರುತ್ತದೆ, ಕೆಲವುಗಳಲ್ಲಿ ಬೇಕಾದಾಗ ಇಳಿಸಿ ಬೇಡವಾದಾಗ ಎತ್ತಬಹುದು. ಬೆಸೆದ ಅಲಗಿನ ದೋಣಿ ಸಮುದ್ರಕ್ಕೆ ಒಳ್ಳೆಯದು ಎಂದು ಪತ್ರಿಕೆಯವನು ಬರೆದಿದ್ದ. ನಿಂಗಣ್ಣ ಒಪ್ಪಲಿಲ್ಲ. ‘ಅವ್ನು ಸಮುದ್ರದೋನು. ನಾವು ಒಲದ್ ಮ್ಯಾಲೆ ಓಗೋರು. ಎತ್ತು ಕೊಳ್ಳೋನು ಸುಳಿ ನೋಡ್ತಾನೆ, ದೋಣಿ ಕೊಳ್ಳೋನು ತಳ ನೋಡ್ಬೇಕು.’ ಹಾಯಿಕಂಬವನ್ನು ಇಬ್ಬರೇ ಎತ್ತಿ ನಿಲ್ಲಿಸುವಂತಿರಬೇಕು, ದಾರಿಯಲ್ಲಿ ಕರೆಂಟಿನ ತಂತಿ ಬಂದರೆ ಮಲಗಿಸುವಂತಿರಬೇಕು ಎಂದೂ ಅವನೇ ಸೇರಿಸಿದ.

ಆಮೇಲೆ ಶೆಡ್ಡಿನ ಗಾರೆಯ ಮೇಲೆ ನನ್ನನ್ನು ಉದ್ದಕ್ಕೆ ಮಲಗಿಸಿದ. ನೆತ್ತಿಯಿಂದ ಹಿಮ್ಮಡಿಯವರೆಗೆ ಸೀಮೆಸುಣ್ಣದಲ್ಲಿ ನನ್ನ ಸುತ್ತ ಗೀಟು ಎಳೆದ. ದಿಂಬಿಗೆಂದು ತಲೆಯ ಕಡೆ ಒಂದು ಗೇಣು ಬಿಟ್ಟ. ಕೆಲಸದವರು ನಕ್ಕರು. ‘ನಿನ್ನ ಅಳತೆ?’ ಎಂದು ಕೇಳಿದೆ. ‘ನಾನು ಕುಳ್ಳ ಕಣ್ಲಾ, ಎಲ್ಲಿ ಬೇಕಾದ್ರೂ ಇಡಿಸ್ತೀನಿ,’ ಎಂದ. ಆ ಗೀಟು ಬಹಳ ದಿನ ಅಲ್ಲೇ ಇತ್ತು. ಟ್ರೈಲರು ಕಟ್ಟುವವರು ಅದರ ಮೇಲೆಯೇ ಓಡಾಡುತ್ತಿದ್ದರು.

ಮೊದಲ ದೋಣಿಯನ್ನು ನೋಡಿದ್ದು ಬೆಳಗೊಳದಲ್ಲಿ, ನಿವೃತ್ತರಾಗಿದ್ದ ಯಾರೋ ದೊಡ್ಡ ಅಧಿಕಾರಿಯ ತೋಟದಲ್ಲಿ. ಬಿಳಿ ಬಣ್ಣ, ಹಿತ್ತಾಳೆಯ ಕೊಂಡಿಗಳು, ಒಳಗೆ ಮೆತ್ತನೆ ಹಾಸಿಗೆ. ನಿಂಗಣ್ಣ ಅದು ಯಾವುದನ್ನೂ ನೋಡಲಿಲ್ಲ. ಪಂಚೆ ಎತ್ತಿಕಟ್ಟಿ ಅದರ ಅಡಿಗೆ ತೆವಳಿದ. ಕೆಳಗೆ ಎದೆಮಟ್ಟದ ಕಬ್ಬಿಣದ ಅಲಗು ಬೆಸೆದುಕೊಂಡಿತ್ತು. ಎದ್ದು ಬಂದು ಮಣ್ಣು ಕೊಡವಿಕೊಂಡು, ‘ಈ ಕೊಡ್ಲಿ ಕಟ್ಕಂಡ್ ಓದ್ರೆ ನಮ್ಮೂರೋರ ಬದನ್ನೆಲ್ಲಾ ಕಿತ್ಕಂಡ್ ಬತ್ತೀವಿ ಸ್ವಾಮಿ,’ ಎಂದು ಆ ಅಧಿಕಾರಿಗೇ ಹೇಳಿದ. ಅವರಿಗೆ ಅರ್ಥವಾಗಲಿಲ್ಲ. ಎರಡನೆಯದು ಶ್ರೀರಂಗಪಟ್ಟಣದಲ್ಲಿ ಒಬ್ಬ ಹುಡುಗನ ಹತ್ತಿರ ಸಿಕ್ಕಿತು. ಹಗುರ, ಚೂಟಿ, ಒಬ್ಬನೇ ಎತ್ತಬಹುದು. ಆದರೆ ಮೇಲೆ ಸೂರಿಲ್ಲ. ನನ್ನನ್ನು ಅದರೊಳಗೆ ಮಲಗು ಎಂದ. ಮಲಗಿದೆ. ಮೊಣಕಾಲು ಮಡಿಸಬೇಕಾಯಿತು. ‘ಇದು ಕುಂತ್ಕಂಡ್ ಓಗೋರ್ದು,’ ಎಂದು ನಡೆದೇಬಿಟ್ಟ. ಆ ಹುಡುಗನ ದೋಣಿ ನಿಜಕ್ಕೂ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೂರನೆಯದು ಇದ್ದದ್ದು ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಹಸು ಕುಡಿಯುವುದಕ್ಕೇ ನೀರು ಹುಡುಕಬೇಕು, ದೋಣಿ ಎಲ್ಲಿಂದ ಬಂತು ಎಂದು ನಾನು ನಂಬಿರಲಿಲ್ಲ. ಮನೆಯ ಒಡೆಯ ಚನ್ನಪ್ಪನವರು ಮುದುಕರು. ಅವರ ತಮ್ಮ ಯಾವುದೋ ಬಂದರಿನಲ್ಲಿ ಹಡಗಿನ ಬಡಗಿಯಾಗಿದ್ದನಂತೆ. ಊರಿಗೆ ಬಂದವನು ಹಿತ್ತಿಲಲ್ಲಿ ಈ ದೋಣಿಯನ್ನು ಕೈಯಾರೆ ಕಟ್ಟಿದ, ನೀರಿಗೆ ಇಳಿಸುವ ಮೊದಲೇ ತೀರಿಕೊಂಡ. ಹದಿನೇಳಡಿ ಉದ್ದ. ಎತ್ತಿಳಿಸುವ ಅಲಗು. ಮುಂದೆ ಪುಟ್ಟ ಗೂಡು, ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಮಲಗುವ ಹಲಗೆ. ಆ ಹಲಗೆಗಳ ಮೇಲೆ ಚನ್ನಪ್ಪನವರು ಹುರುಳಿ ತುಂಬಿದ್ದರು. ಒಂದು ಕೋಳಿ ಕಾವಿಗೆ ಕೂತಿತ್ತು.

‘ದೋಣಿ ಕೊಟ್ಬುಟ್ರೆ ಉಳ್ಳಿ ಎಲ್ಲಿಗಾಕನಪ್ಪ?’ ಎಂದರು ಚನ್ನಪ್ಪ. ‘ಇಲಿ ಒಂದೂ ಅತ್ತಕಿಲ್ಲ ಇದ್ಕೆ. ನನ್ ತಮ್ಮ ಅಂಗ್ ಕಟ್ಟವ್ನೆ.’

ನಿಂಗಣ್ಣ ಹಲಗೆಗಳ ಸಂದುಗಳನ್ನು ಬೆರಳಿನಿಂದ ಸವರಿ ನೋಡಿದ. ಹುರುಳಿಯನ್ನು ಪಕ್ಕಕ್ಕೆ ತಳ್ಳಿಸಿ ನನ್ನನ್ನು ಬಲಗಡೆಯ ಹಲಗೆಯ ಮೇಲೆ ಮಲಗಿಸಿದ. ಕಾಲು ಚಾಚಿತು. ತಲೆಯ ಕಡೆ ಒಂದು ಗೇಣು ಉಳಿಯಿತು. ಕೋಳಿ ನನ್ನನ್ನೇ ನೋಡುತ್ತಿತ್ತು. ‘ಉಳ್ಳಿಗೆ ನಾನು ತಗಡಿನ ಕಣಜ ಕಟ್ಕೊಡ್ತೀನಿ. ಇಲಿ ಅಲ್ಲ, ಇರುವೆ ಓಗಕಿಲ್ಲ. ಕೋಳಿ ಮರಿ ಮಾಡಗಂಟ ಕಾಯ್ತೀನಿ. ಆಯ್ತಾ?’ ಎಂದ. ಚನ್ನಪ್ಪನವರು ದೋಣಿಯ ಅಂಚನ್ನು ತಟ್ಟಿ, ‘ನೀರಿಗೆ ಇಳ್ಸಿದ್ ದಿನ ನನ್ ತಮ್ಮನ್ ಎಸ್ರೇಳ್ಬುಡು,’ ಎಂದರು. ಹಾಗೆ ವ್ಯಾಪಾರ ಮುಗಿಯಿತು.

ಒಂದು ತಿಂಗಳಲ್ಲಿ ನಿಂಗಣ್ಣ ಕಣಜವನ್ನೂ ಕಟ್ಟಿದ, ದೋಣಿಗೆ ತಕ್ಕ ಟ್ರೈಲರನ್ನೂ ಕಟ್ಟಿದ. ಟ್ರಾಕ್ಟರಿನದರ ಹಾಗೆ ಎತ್ತರವಲ್ಲ, ನೆಲಕ್ಕೆ ಹತ್ತಿರ, ಹಳೆಯ ಜೀಪಿನ ಚಕ್ರ. ಹೋಗುವಾಗ ಅದರ ಮೇಲೆ ಕಣಜ ಹೋಯಿತು, ಬರುವಾಗ ದೋಣಿ ಬಂತು. ಸಂತೆಬಾಚಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಜನ ಮುತ್ತಿಕೊಂಡರು. ಆಗ ಎಲೆಕ್ಷನ್ನಿನ ಕಾಲ. ‘ಯಾವ್ ಪಾರ್ಟಿ ಗುರ್ತಣ್ಣ ಇದು? ಯಾರ್ ನಿಂತವ್ರೆ?’ ಎಂದು ಒಬ್ಬ ಕೇಳಿದ. ನಿಂಗಣ್ಣ ಟೀ ಊದಿಕೊಳ್ಳುತ್ತಾ, ‘ಯಾರೂ ನಿಂತಿಲ್ಲ ಕಣಪ್ಪ, ಇದ್ರಾಗೆ ಮಲಿಕ್ಕಳದು,’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಮುಖ ನಗುವಿನ ಆಕಾರಕ್ಕೆ ಬಂದದ್ದು ನೆನಪಿದೆ.

ಕೆ.ಆರ್. ಪೇಟೆ ದಾಟಿ ಅಕ್ಕಿಹೆಬ್ಬಾಳಿನ ದಾರಿ ಹಿಡಿದು ಅವನ ಊರಿಗೆ ಹೋದಾಗ ಹೊತ್ತು ಇಳಿದಿತ್ತು. ನಾಲೆಗೆ ನೀರು ಬಿಟ್ಟು ನಾಲ್ಕೈದು ದಿನವಾಗಿತ್ತು. ಚನ್ನಪ್ಪನವರ ತಮ್ಮನ ಹೆಸರು ಹೇಳಿ ಕಾಯಿ ಒಡೆದು ದೋಣಿಯನ್ನು ನೀರಿಗೆ ಇಳಿಸಿದೆವು. ನಿಂಗಣ್ಣ ಸೊಂಟಕ್ಕೆ ಟ್ರಾಕ್ಟರಿನ ಟ್ಯೂಬು ಕಟ್ಟಿಕೊಂಡಿದ್ದ. ಅವನ ತುಟಿ ಒಣಗಿತ್ತು. ನಾನು ಹಾಯಿಯ ಹಗ್ಗ ಹಿಡಿದುಕೊಂಡೆ, ಅವನು ದಾರಿ ಹೇಳಿದ. ‘ಇದು ದೊಡ್ಡಪ್ಪನ ಗದ್ದೆ. ಈಗ ಸಿದ್ದನ ಬದು ಬತ್ತದೆ, ಅಲಗು ಎತ್ಕ. ಆಂ, ದಾಟ್ತು, ಇಳ್ಸು.’ ನೀರಿನ ಮೇಲೆ ಏನೂ ಇರಲಿಲ್ಲ. ಆದರೂ ಒಂದು ಸಲವೂ ತಳ ತಾಗಲಿಲ್ಲ. ಕತ್ತಲಾಗುವ ಮುಂಚೆ ಗಾಳಿಗೆ ಮರೆಯಾದ ಒಂದು ಮೂಲೆಯಲ್ಲಿ ಲಂಗರು ಹಾಕಿದೆವು. ಲಂಗರಿಗೆ ನಿಂಗಣ್ಣ ಮರದ ದಿಮ್ಮಿ ಎಳೆಯುವ ದಪ್ಪ ಸರಪಳಿ ಹಾಕಿದ್ದ. ಅದರ ತುದಿ ಗೂಡಿನೊಳಗೆ, ನನ್ನ ದಿಂಬಿನ ಪಕ್ಕದ ತೂತಿನಿಂದ ಬಂದು ಗೂಟಕ್ಕೆ ಬಿಗಿದಿತ್ತು. ಇಳಿಸುವಾಗ ಅದು ಗಡಗಡ ಎಂದದ್ದಕ್ಕೆ ದಡದ ನಾಯಿಗಳು ಬೊಗಳಿದವು. ‘ಈ ಸದ್ದಿಗೆ ಸತ್ತೋರೂ ಎದ್ದು ಕುಂತ್ಕತಾರೆ,’ ಎಂದು ನಗಾಡಿದ. ದೋಣಿಯ ಪಕ್ಕ ಕೆಸರಿಗೆ ಒಂದು ಬಿದಿರು ಗಳ ಊರಿ, ನೀರಿನ ಮಟ್ಟಕ್ಕೆ ಎಂದಿನಂತೆ ಒಂದು ಗೀಟು ಎಳೆದ. ಪುಟ್ಟಮ್ಮ ಕಟ್ಟಿಕೊಟ್ಟಿದ್ದ ಮುದ್ದೆ, ಉಪ್ಸಾರು ಉಂಡೆವು. ನಾನು ಗೂಡಿನೊಳಗೆ ಬಲಗಡೆಯ ಹಲಗೆಯ ಮೇಲೆ ಕಾಲು ಚಾಚಿದೆ. ಹಲಗೆಗೆ ಇನ್ನೂ ಹುರುಳಿಯ ವಾಸನೆ ಇತ್ತು. ಸೂರಿನಲ್ಲಿ ಎಣಿಸಲು ಹೆಂಚು ಇರಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ರಾತ್ರಿಯಿಡೀ ನಿದ್ದೆ ಮಾಡಿದ್ದೆ, ಅದೂ ಒಂದೇ ಮಗ್ಗುಲಿಗೆ. ದೋಣಿ ವಾಲಿತ್ತು. ಹೊರಗೆ ಬಂದು ನೋಡಿದರೆ ಸುತ್ತಲೂ ಪಾದ ಮುಳುಗುವಷ್ಟು ನೀರು, ಅದರ ಕೆಳಗೆ ಕೆಸರು. ದೋಣಿಯ ಹೊಟ್ಟೆ ಕೆಸರಿನಲ್ಲಿ ಕೂತಿತ್ತು. ಗಳ ದೋಣಿಯೊಳಗೆ ಬಿದ್ದಿತ್ತು. ನಿಂಗಣ್ಣ ಟ್ಯೂಬು ಕಟ್ಟಿಕೊಂಡೇ ಹಿಂಬದಿಯಲ್ಲಿ ಕೂತಿದ್ದ, ಕಣ್ಣು ಕೆಂಪಾಗಿದ್ದವು. ಮಟ್ಟಸವಾದ ಹೊಲ ಅದು, ನೀರು ನಾಲ್ಕು ಬೆರಳು ಇಳಿದರೆ ದಡ ಎಷ್ಟೋ ದೂರ ಸರಿದುಬಿಡುತ್ತದೆ.

ಅಷ್ಟರಲ್ಲಿ ಅವನ ಚಿಕ್ಕಪ್ಪನ ಮಗ ಸಿದ್ದ ನೇಗಿಲು, ಎತ್ತು ಹೊಡೆದುಕೊಂಡು ಬಂದ. ನೀರು ಬಿಟ್ಟುಕೊಟ್ಟ ನೆಲವನ್ನು ಹಸಿಯಿರುವಾಗಲೇ ಉಳಬೇಕು. ಬಂದವನು ಸೊಂಟದ ಮೇಲೆ ಕೈಯಿಟ್ಟು ನಿಂತ. ‘ಲೇ ನಿಂಗಾ! ನನ್ ಒಲದಾಗೆ ಏನ್ಲಾ ಇದು?’

‘ದೋಣಿ ಕಣ್ಲಾ.’

‘ದೋಣಿ ಅಂತ ನಂಗೂ ಕಾಣ್ತದೆ. ಇನ್ನೀರ್ನಾಗೆ ಉಟ್ಟೋನು ನೀನು, ನಾಲೆ ಬುಟ್ಟವ್ರೆ ಅಂತ ಗೊತ್ತಿಲ್ವೇನ್ಲಾ? ನಾನೀಗ ಎಲ್ಲಿ ಉಳ್ಲಿ? ದೋಣಿ ಸುತ್ತ ಉಳ್ಲಾ?’

ನಿಂಗಣ್ಣ ಸೀಮೆಸುಣ್ಣ ಮುಟ್ಟಿಕೊಂಡ. ‘ತಪ್ಪಾಯ್ತು ಕಣಪ್ಪ,’ ಎಂದ. ಸಿದ್ದ ಬೈಯುತ್ತಲೇ ನೇಗಿಲು ಬಿಚ್ಚಿ ಎತ್ತುಗಳಿಗೆ ಆ ಸರಪಳಿಯನ್ನೇ ಕಟ್ಟಿದ. ಅರ್ಧ ಊರು ಬಂದು ಬದುವಿನ ಮೇಲೆ ಕೂತು ನೋಡಿತು. ದೋಣಿಯನ್ನು ನೀರಿಗೆ ಎಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ನನಗೆ ಹಸಿವಾಗಿತ್ತು. ಯಾರೋ ಕೊಟ್ಟ ರೊಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದು ಗೊತ್ತಾಯಿತು.

ಆಮೇಲೂ ಎಂಟು ಹತ್ತು ಸಲ ಹೋದೆವು. ಬರಬರುತ್ತಾ ನನಗೆ ಮನೆಯಲ್ಲಿಯೂ ನಿದ್ದೆ ಬರತೊಡಗಿತು. ಅಷ್ಟೆ, ಉಳಿದದ್ದೆಲ್ಲ ಹಾಗೇ ಇತ್ತು. ಆದರೆ ಈ ಕತೆ ಮಾತ್ರ ನನಗೆ ಸಿಕ್ಕಿತು. ಮಾತೇ ಬಿಟ್ಟಿದ್ದ ನಾನು ಕಚೇರಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಇದನ್ನು ಹೇಳುತ್ತಿದ್ದೆ. ನೀರಿನ ಕೆಳಗಿನ ಒಂದೊಂದು ಬದುವೂ ಗೊತ್ತು ಎನ್ನುತ್ತಿದ್ದವನು ಹೊಲದಲ್ಲಿ ದೋಣಿ ಕಟ್ಟಿ ಗೊರಕೆ ಹೊಡೆದ ಕತೆ. ಸಿದ್ದನ ದನಿಯನ್ನು ಅನುಕರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಹೊಲದಲ್ಲಿ ದೋಣಿ ಕಟ್ಟಿದ ನಿಂಗಣ್ಣ’ ಎನ್ನುವುದು ಅವನ ಹೆಸರೇ ಆಗಿಹೋಯಿತು. ಟ್ರೈಲರಿಗೆ ಅಳತೆ ಕೊಡಲು ಬಂದವರೂ ‘ಗೀಟು ಸರ್ಯಾಗ್ ಎಳ್ಯಣ್ಣ, ಒಲದ್ ದೋಣಿ ಆದಾತು’ ಎನ್ನುವರು. ನಾನು ಹೇಳುವಾಗ ಅವನು ಅಲ್ಲೇ ಇದ್ದರೆ ಸೀಮೆಸುಣ್ಣ ಮುಟ್ಟಿಕೊಂಡು ಬೇರೆ ಕಡೆ ನೋಡುತ್ತಿದ್ದ. ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಅಲ್ಲಿದ್ದಾಗಲೇ ಸುದ್ದಿ ಬಂತು. ಶೆಡ್ಡಿನಲ್ಲಿ ಗೀಟು ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ, ಏಳಲಿಲ್ಲವಂತೆ. ಮಣ್ಣಿಗೆ ಹೋಗಲಾಗಲಿಲ್ಲ. ಹನ್ನೊಂದನೆಯ ದಿನ ಹೋದೆ. ಊಟವಾದ ಮೇಲೆ ಹಜಾರದಲ್ಲಿ ಜನ ಅವನ ಮಾತೇ ಆಡುತ್ತಿದ್ದರು. ಯಾರೋ, ‘ಸರ್ವೆಯರೇ, ಆ ದೋಣಿ ಕತೆ ಏಳಿ. ಅವ್ನಿಗೂ ಕೇಳಿಸ್ಲಿ,’ ಎಂದರು. ಹೇಳಿದೆ. ಸಿದ್ದನೂ ಅಲ್ಲೇ ಕೂತಿದ್ದ, ಅವನ ದನಿಯನ್ನೇ ಮಾಡಿ ತೋರಿಸಿದೆ. ಸಾವಿನ ಮನೆ ಎನ್ನುವುದನ್ನೂ ಮರೆತು ಎಲ್ಲರೂ ನಕ್ಕರು.

ಪುಟ್ಟಮ್ಮ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ‘ಇಲ್ಲಿ ಬನ್ನಿ ಒಸಿ,’ ಎಂದು ನನ್ನನ್ನು ಹಿತ್ತಿಲಿಗೆ ಕರೆದರು. ಟ್ರೈಲರಿನ ಮೇಲೆ ದೋಣಿ ನಿಂತಿತ್ತು. ಅದರ ಪಕ್ಕದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ್ದ ಬಿದಿರು ಗಳವನ್ನು ತೋರಿಸಿದರು.

‘ಅವ್ರು ಇರಗಂಟ ಏಳ್ಬ್ಯಾಡ ಅಂದಿದ್ರು, ಏಳ್ನಿಲ್ಲ. ಅವತ್ತು ಅವ್ರು ಗೊರ್ಕೆ ಒಡೀನಿಲ್ಲ ಸರ್ವೆಯರೇ. ನೀರು ಇಳೀತಾ ಇರದು ಗೊತ್ತಿತ್ತು. ಕತ್ಲಲ್ಲಿ ಗೀಟು ಕಾಣ್ದು ಅಂತ ಚಾಕುನಾಗೆ ಕಚ್ಚು ಆಕವ್ರೆ ನೋಡಿ. ದೋಣಿ ಕದಲ್ಸಬೇಕು ಅಂದ್ರೆ ಸರಪಳಿ ಎಳೀಬೇಕಿತ್ತಂತೆ. ಅದು ನಿಮ್ಮ ಕಿವಿ ತಾವ್ಲೇ ಇತ್ತಂತೆ. “ವರ್ಸದ್ ಮ್ಯಾಲೆ ಮಲಗವ್ನೆ ಕಣಮ್ಮಿ, ದೋಣಿ ಓದ್ರೆ ಓಗ್ಲಿ” ಅಂದ್ರು. ನೀವು ಈ ಕತೆ ಏಳ್ದಾಗೆಲ್ಲ ಮನೇಗ್ ಬಂದು, “ಇವತ್ತೂ ಏಳ್ದ ಕಣಮ್ಮಿ, ಚೆಂದಾಗಿ ಮಾತಾಡ್ದ” ಅನ್ನೋರು.’

ಗಳವನ್ನು ಹಿಡಿದು ನೋಡಿದೆ. ಸೀಮೆಸುಣ್ಣದ ಗೀಟು ಯಾವಾಗಲೋ ಅಳಿಸಿಹೋಗಿತ್ತು. ಕಚ್ಚುಗಳು ಇದ್ದವು. ನಾಲ್ಕು, ಒಂದರ ಕೆಳಗೊಂದು, ಬೆರಳಗಲಕ್ಕೊಂದು. ಅಳತೆ ನನ್ನ ಕೆಲಸ. ಎರಡನೆಯ ಕಚ್ಚಿನ ಹೊತ್ತಿಗೆ ಎಬ್ಬಿಸಿದ್ದರೂ ದೋಣಿ ತೇಲುತ್ತಿತ್ತು. ಮೂರನೆಯದನ್ನು ಹಾಕುವಾಗ ಅದು ಅವನಿಗೂ ಗೊತ್ತಿತ್ತು. ನಾಲ್ಕನೆಯದು ಉಳಿದವಕ್ಕಿಂತ ಆಳವಾಗಿತ್ತು.

ಹಜಾರಕ್ಕೆ ವಾಪಸು ಬಂದೆ. ಹೊಸದಾಗಿ ಬಂದ ಯಾರೋ, ‘ಏನದು ದೋಣಿ ಕತೆ? ನಮ್ಗೂ ಏಳಿ,’ ಎಂದರು. ಜನ ಆಗಲೇ ನಗಲು ಸಿದ್ಧವಾಗಿ ನನ್ನ ಕಡೆ ತಿರುಗಿದರು.

‘ನಾನು ಇಷ್ಟು ದಿನ ಹೇಳಿದ್ದು ಸುಳ್ಳು,’ ಎಂದೆ. ‘ಅವನು ರಾತ್ರಿಯೆಲ್ಲ ಎದ್ದಿದ್ದ.’ ಎಲ್ಲರ ಮುಂದೆ ಅತ್ತುಬಿಟ್ಟೆ. ಜಯ ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.